ವಸಂತನ್‌ಮುಡಿ

ನಮ್ಮ ಆಲುವದ ಮನೆಯಲ್ಲಿ ನೆಲ ಒರೆಸುವುದಕ್ಕೆ ಪುಲ್ತೈಲ ತರಬಾರದೆಂದು ನಾನು ಕಟ್ಟುನಿಟ್ಟಾಗಿ ಹೇಳಿಟ್ಟಿದ್ದೇನೆ. ನಮ್ಮ ಕಡೆ ಮಜ್ಜಿಗೆ ಹುಲ್ಲು ಅನ್ನುತ್ತಾರಲ್ಲ, ಅದನ್ನು ಹಂಡೆಯಲ್ಲಿ ಬೇಯಿಸಿ ಇಳಿಸಿದ ಎಣ್ಣೆ ಅದು. ಕೇರಳದಲ್ಲಿ ಅದಿಲ್ಲದ ಮನೆಯಿಲ್ಲ. ಬಕೆಟ್ ನೀರಿಗೆ ನಾಲ್ಕು ಹನಿ ಬಿಟ್ಟು ಒರೆಸಿದರೆ ಸೊಳ್ಳೆ ಬರುವುದಿಲ್ಲವಂತೆ, ಮನೆಯೆಲ್ಲ ಘಮಘಮ ಅನ್ನುತ್ತದಂತೆ. ಕಳೆದ ವಾರ ನಮ್ಮ ಮನೆಗೆಲಸದ ಶೋಭಾ ಚೇಚಿ ರಜೆ ಹಾಕಿ, ತನ್ನ ಬದಲಿಗೆ ಪಕ್ಕದ ಮನೆಯವಳನ್ನು ಕಳಿಸಿದ್ದಳು. ಆಕೆಗೆ ನನ್ನ ಕಾನೂನು ಗೊತ್ತಿರಲಿಲ್ಲ. ಸ್ನಾನ ಮುಗಿಸಿ ಹೊರಗೆ ಬಂದ ನನಗೆ ಆ ವಾಸನೆ ಮೂಗಿಗೆ ಬಡಿಯಿತು. ಒದ್ದೆ ನೆಲದ ಮೇಲೇ ಕೂತುಬಿಟ್ಟೆ. ನನ್ನ ಗಂಡ ಶ್ರೀಧರ ಒಂದು ಮಾತೂ ಕೇಳದೆ ಎದ್ದು ಎಲ್ಲ ಕಿಟಕಿಗಳನ್ನೂ ತೆರೆದರು. ಆ ಹೆಂಗಸು ಒರೆಸುವ ಬಟ್ಟೆ ಹಿಡಿದುಕೊಂಡು, ಈ ಕನ್ನಡದವರಿಗೆ ಏನಾಗಿದೆ ಎಂಬಂತೆ ನೋಡುತ್ತ ನಿಂತಿದ್ದಳು.

ನಾಲ್ಕು ವರ್ಷದ ಹಿಂದೆ, ಒಂದು ಜೂನ್‌ನಿಂದ ಮುಂದಿನ ಮೇ ತನಕ, ನಾನು ತಿರುವನಂತಪುರದಲ್ಲಿದ್ದೆ. ನಕ್ಷೆ ತಯಾರಿಸುವ ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ನನ್ನ ಕೆಲಸ. ಶ್ರೀಧರರ ಬ್ಯಾಂಕು ಆಲುವದಲ್ಲಿ, ಮಗಳು ಅಪೂರ್ವಾಳ ಶಾಲೆಯೂ ಅಲ್ಲೇ. ನಾನೊಬ್ಬಳು ತಿರುವನಂತಪುರದ ಶ್ರೀಕಾರ್ಯಂನಲ್ಲಿ ಒಂದು ಕೋಣೆ ಹಿಡಿದು, ಶುಕ್ರವಾರ ಸಂಜೆ ರೈಲು ಹತ್ತಿ ಮನೆಗೆ ಬರುತ್ತಿದ್ದೆ. ಮೈಸೂರಿನ ನೆಂಟರಿಗೆಲ್ಲ ಇದು ಹುಚ್ಚಾಟವಾಗಿ ಕಂಡಿತ್ತು. ಗಂಡ ಹೆಂಡತಿ ಇಬ್ಬರೂ ಬೇಡಿಕೊಂಡು ಕೇರಳಕ್ಕೆ ವರ್ಗ ಮಾಡಿಸಿಕೊಂಡಿದ್ದಾರೆ ಎಂದು ಮದುವೆ ಮುಂಜಿಗಳಲ್ಲಿ ನಮ್ಮದೇ ಮಾತಂತೆ. ಕಾರಣ ಎಲ್ಲರಿಗೂ ಗೊತ್ತಿತ್ತು, ಯಾರೂ ಎದುರಿಗೆ ಆಡುತ್ತಿರಲಿಲ್ಲ. ನನ್ನ ತಮ್ಮ ವಸಂತನನ್ನು ಹುಡುಕಲು ನಾನು ಬಂದಿದ್ದೆ.

ಅಮ್ಮ ತೀರಿಕೊಂಡಾಗ ಅವನಿಗೆ ಆರು ವರ್ಷ, ನನಗೆ ಹದಿನೇಳು. ಅವನ ತಲೆಗೆ ಎಣ್ಣೆ ಹಚ್ಚಿದವಳು ನಾನು, ಮಗ್ಗಿ ಬಾಯಿಪಾಠ ಮಾಡಿಸಿದವಳು ನಾನು, ಕಾಲೇಜಿನ ಫಾರಂಗೆ ಪೋಷಕರ ಜಾಗದಲ್ಲಿ ಸಹಿ ಹಾಕಿದವಳೂ ನಾನು. ಹಾಗೆಂದೇ ಅವನಿಗೆ ಹೆಣ್ಣು ನೋಡುವ ಅಧಿಕಾರವೂ ನನ್ನದೇ ಅಂದುಕೊಂಡಿದ್ದೆ. ಮದುವೆಗೆ ಎರಡು ವಾರವಿರುವಾಗ ಅವನು ಮನೆ ಬಿಟ್ಟು ಹೋದ. ನಾಲ್ಕು ದಿನದ ಮೇಲೆ ಫೋನ್ ಮಾಡಿದ. ಹಿಂದೆ ರೈಲ್ವೆ ಸ್ಟೇಷನ್ನಿನ ಗದ್ದಲವಿತ್ತು, ಮಲಯಾಳದಲ್ಲಿ ಏನೋ ಘೋಷಣೆ ಕೇಳುತ್ತಿತ್ತು. ಅವನು ಹೇಳಬೇಕೆಂದಿದ್ದುದನ್ನು ನಾನು ಹೇಳಗೊಡಲಿಲ್ಲ. ಹುಡುಗಿಯ ಮನೆಯವರ ಮುಂದೆ ತಲೆ ತಗ್ಗಿಸಿ ಕೂತು ಬಂದ ಸಿಟ್ಟೆಲ್ಲ ಬಾಯಿಗೆ ಬಂತು. ಇನ್ನು ಮುಖ ತೋರಿಸಬೇಡ ಅಂದೆ. ಆಮೇಲೆ ಆ ನಂಬರು ಹತ್ತಲಿಲ್ಲ. ಪೊಲೀಸಿನವರು ಹುಡುಕಿದರು, ಅದು ಎರ್ನಾಕುಳಂ ಸ್ಟೇಷನ್ ಅಂದರು, ಅಲ್ಲಿಗೆ ಅವರ ಕೈಯೂ ನಿಂತಿತು. ನಾನು ತಿರುವನಂತಪುರಕ್ಕೆ ಬರುವ ಹೊತ್ತಿಗೆ ಅದಾಗಿ ಎಂಟು ವರ್ಷ. ಪ್ರತಿ ಶುಕ್ರವಾರ ರೈಲು ಎರ್ನಾಕುಳಂನಲ್ಲಿ ನಿಂತಾಗ ನಾನು ಬಾಗಿಲಿಗೆ ಬಂದು ಪ್ಲಾಟ್‌ಫಾರಂ ಮೇಲಿನ ಗಂಡಸರ ಮುಖಗಳನ್ನೆಲ್ಲ ಒಂದೊಂದಾಗಿ ನೋಡುತ್ತಿದ್ದೆ. ಕೆಲವರು ತಪ್ಪು ತಿಳಿದುಕೊಂಡು ನಕ್ಕದ್ದೂ ಉಂಟು.

ಕಚೇರಿಯಲ್ಲಿ ನನಗೆ ಸಿಕ್ಕಿದ್ದು ಹೆಸರುಗಳ ಮೇಜು. ಹಳೆಯ ನಕ್ಷೆಗಳನ್ನೆಲ್ಲ ಹೊಸದಾಗಿ ಕಂಪ್ಯೂಟರಿನಲ್ಲಿ ಮಾಡುವ ಕೆಲಸ ನಡೆದಿತ್ತು. ಪ್ರತಿ ಹಳ್ಳ, ಗುಡ್ಡ, ಊರಿನ ಹೆಸರನ್ನೂ ಸ್ಥಳಕ್ಕೇ ಹೋಗಿ ಕೇಳಿ, ಅಲ್ಲಿನ ಮೂವರ ಸಹಿ ಹಾಕಿಸಿಕೊಂಡು ಬರಬೇಕು. ನನಗೆ ಕೆಲಸ ಕಲಿಸಿದವರು ತಂಗಪ್ಪನ್ ಸಾರ್. ನಿವೃತ್ತಿಗೆ ಒಂದು ವರ್ಷ ಉಳಿದಿದ್ದ, ಅಂಗಿಯ ಜೇಬಿನಲ್ಲಿ ಯಾವಾಗಲೂ ಮೂರು ಬಣ್ಣದ ಪೆನ್ಸಿಲ್ ಇಟ್ಟುಕೊಳ್ಳುತ್ತಿದ್ದ ಮನುಷ್ಯ. ಈ ಕೆಲಸಕ್ಕೆ ಒಂದೇ ಕಾನೂನು ಎಂದು ಮೊದಲ ದಿನವೇ ಹೇಳಿದರು. ನಾವಾಗಿ ಹೆಸರನ್ನು ಓದಿ 'ಇದೇ ತಾನೇ' ಎಂದು ಯಾವತ್ತೂ ಕೇಳಬಾರದು. ಸರಕಾರದವರು ಕಾಗದ ಹಿಡಿದು ಕೇಳಿದರೆ ಜನ ಏನು ಕೇಳಿದರೂ ಹೌದು ಅನ್ನುತ್ತಾರೆ. 'ಅದಕ್ಕೆ ಏನಂತ ಕರೀತೀರಿ' ಎಂದಷ್ಟೇ ಕೇಳಿ ಬಾಯಿ ಮುಚ್ಚಿಕೊಂಡಿರಬೇಕು. ಆ ಸುಮ್ಮನಿರುವುದೇ ಕಷ್ಟದ ಕೆಲಸ ಎಂದು ಅವರು ನಕ್ಕಿದ್ದರು.

ಇನ್ನೊಂದು ರೂಢಿಯನ್ನೂ ಅವರಿಂದಲೇ ಕಲಿತೆ. ಹೆಸರು ಇನ್ನೂ ಸಿಗದ ಜಾಗದಲ್ಲಿ ಅಕ್ಷರ ಎಷ್ಟು ದೊಡ್ಡದಿರಬೇಕು, ಎತ್ತರದ ಅಂಕಿಗೆ ತಾಗುತ್ತದೋ ಏನೋ ಎಂದು ನೋಡುವುದಕ್ಕೆ ತಾತ್ಕಾಲಿಕವಾಗಿ ಯಾವುದಾದರೂ ಹೆಸರು ಬರೆದಿಡುತ್ತಿದ್ದರು. ತಂಗಪ್ಪನ್ ಸಾರ್ ಯಾವಾಗಲೂ ತಮ್ಮ ಅತ್ತೆಯ ಹೆಸರನ್ನೇ ಬರೆಯುತ್ತಿದ್ದರು. ಕಡಿದಾದ ಬಂಡೆ, ಕೆಸರಿನ ಹೊಂಡ ಎಲ್ಲವೂ ಆ ಪುಣ್ಯಾತ್ಗಿತ್ತಿಯ ಹೆಸರಿನಲ್ಲೇ ಇದ್ದವು. ಜೂನ್ ಕೊನೆಯಲ್ಲಿ ನನ್ನ ಕೈಗೆ ಬಂದದ್ದು ಪೂರ್ವದ ಬೆಟ್ಟಸಾಲಿನ ಹಾಳೆ. ಅದರಲ್ಲಿ ಎತ್ತರದ ಅಂಕಿಯಿದ್ದು ಹೆಸರಿಲ್ಲದ ಒಂದೇ ಒಂದು ಶಿಖರವಿತ್ತು. ಹೊರಗೆ ಮಳೆ ಸುರಿಯುತ್ತಿತ್ತು. ನನ್ನ ಬೆರಳಿಗೆ ಯಾವ ಹೆಸರು ಬರಬೇಕೋ ಅದೇ ಬಂತು. ಮಲಯಾಳದಲ್ಲಿ ಶಿಖರಕ್ಕೆ ಮುಡಿ ಅನ್ನುತ್ತಾರೆ. ವಸಂತನ್‌ಮುಡಿ ಎಂದು ಬರೆದೆ. ಅಂಕಿಗೆ ತಾಗದೆ ಸರಿಯಾಗಿ ಕೂತಿತು. ಒಂದು ಗಳಿಗೆ ನೋಡಿದೆ, ಕಣ್ಣು ಒದ್ದೆಯಾಯಿತು, ಹಾಳೆ ಮುಚ್ಚಿದೆ.

ಜುಲೈಯಲ್ಲಿ ಆ ಬೆಟ್ಟದ ಬುಡದ ಊರಿಗೆ ಹೋದೆ. ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಬರೆದರೆ ಯಾರಾದರೂ ಹೋಗಿಬಿಡುತ್ತಾರೆ. ಬಸ್ಸು ಇಳಿದು ಜೀಪಿನಲ್ಲಿ ಒಂದೂವರೆ ಗಂಟೆ. ಹದಿನೈದಿಪ್ಪತ್ತು ಮನೆ, ಒಂದು ಚಹದಂಗಡಿ, ಹುಲ್ಲೆಣ್ಣೆ ಇಳಿಸುವ ಒಂದು ಚಪ್ಪರ. ಆ ಚಪ್ಪರದ ಹೊಗೆಯೂ ಮಂಜೂ ಬೆರೆತು ಊರಿಗೆ ಊರೇ ಪುಲ್ತೈಲದ ವಾಸನೆಯಲ್ಲಿ ಮುಳುಗಿತ್ತು. ಶಿಖರ ಕಾಣುತ್ತಿರಲಿಲ್ಲ, ಪೂರ್ವಕ್ಕೆ ಬರೀ ಬಿಳಿ. ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಮನೆಗಳು. ಒಂದೊಂದು ಮನೆಯ ಬಾಗಿಲೂ ಪಶ್ಚಿಮಕ್ಕಿತ್ತು. ಪೂರ್ವದ ಗೋಡೆಯಲ್ಲಿ ಒಂದು ಗವಾಕ್ಷಿಯೂ ಇರಲಿಲ್ಲ. ಮಳೆ ಗಾಳಿ ಆ ಕಡೆಯಿಂದ ಬೀಸುತ್ತದೇನೋ ಎಂದುಕೊಂಡೆ. ಆದರೆ ಆ ದಿನದ ಮಳೆ ಹೊಡೆಯುತ್ತಿದ್ದದ್ದು ಪಶ್ಚಿಮದಿಂದಲೇ, ನೇರವಾಗಿ ಬಾಗಿಲುಗಳಿಗೆ.

ಚಹದಂಗಡಿಯ ಬೆಂಚಿನ ಮೇಲೆ ಹಾಳೆ ಬಿಡಿಸಿದಾಗ ನನ್ನ ಎಡವಟ್ಟು ಗೊತ್ತಾಯಿತು. ಊರಿಗೆ ಒಯ್ಯಲು ಹೆಸರಿಲ್ಲದ ಹಾಳೆ ಬೇರೆಯೇ ಇರುತ್ತದೆ. ನಾನು ಸುತ್ತಿಕೊಂಡು ಬಂದದ್ದು ಮೇಜಿನ ಮೇಲಿನ ಕರಡು. ಕೂಡಲೇ ಸುತ್ತಿಬಿಡಬಹುದಿತ್ತು. ಅಷ್ಟರಲ್ಲಿ ಎಣ್ಣೆ ಚಪ್ಪರದ ಯಜಮಾನ ಕೃಷ್ಣನ್‌ಕುಟ್ಟಿ, ಅರವತ್ತು ದಾಟಿದ ಗಟ್ಟಿ ಆಸಾಮಿ, ಬಗ್ಗಿ ನೋಡಿ ಬೆರಳಿಟ್ಟಾಗಿತ್ತು.

"ವಸಂತನ್‌ಮುಡಿ," ಅಂದ. "ಸರಿಯಾಗೇ ಬರೆದಿದೀರಲ್ಲ ಮೇಡಂ. ಹಿಂದೆ ಬಂದವರು ಯಾರೂ ಸರಿಯಾಗಿ ಬರೆದಿರಲಿಲ್ಲ."

ಪಕ್ಕದಲ್ಲಿದ್ದ ಇನ್ನಿಬ್ಬರು ತಲೆಯಾಡಿಸಿದರು, ಕಾಗದ ತೆಗೆದುಕೊಂಡು ಸಹಿ ಮಾಡಿದರು. ನಾನು ಏನೂ ಕೇಳಿರಲಿಲ್ಲ. ಮೂರು ಸಹಿಗಳು ಒಣಗುತ್ತಿದ್ದವು, ನನ್ನ ಚಹ ಆರುತ್ತಿತ್ತು.

ಆಮೇಲೆ ನಾನು ಮಾಡಿದ್ದನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ. ಆ ವಸಂತ ಯಾರು ಎಂದು ಕೇಳಿದೆ. ಅಲ್ಲಿಗೆ ನಿಲ್ಲಬೇಕಿತ್ತು. ಕೃಷ್ಣನ್‌ಕುಟ್ಟಿ ಆ ಬೆಟ್ಟಕ್ಕೆ ತನ್ನದೆಂಬ ಹೆಸರಿಲ್ಲ ಎಂದ. ಮೇಲೆ ಹೋಗಿ ಇಳಿದು ಬಾರದೆ ಉಳಿದವರಲ್ಲಿ ಕೊನೆಯವರು ಯಾರೋ ಅವರ ಹೆಸರಿನಲ್ಲಿ ಅದನ್ನು ಕರೆಯುತ್ತಾರೆ. ಇನ್ನೊಬ್ಬರು ಹೋದರೆ ಹೆಸರು ಬದಲಾಗುತ್ತದೆ. ಇದಕ್ಕೆ ಮೊದಲು ಸರೋಜಿನಿಮುಡಿ ಆಗಿತ್ತು. ಆರೇಳು ವರ್ಷದ ಹಿಂದೆ ಒಂದು ಮಳೆಗಾಲದಲ್ಲಿ ಒಬ್ಬ ಬಂದ, ಹೊರಗಿನವನು, ಹುಲ್ಲು ಕೊಯ್ಯುವ ಕೆಲಸಕ್ಕೆ ನಿಂತ. ಒಂದು ದಿನ ಮೇಲೆ ಹೋದವನು ಬರಲಿಲ್ಲ. ಹುಡುಕಲು ಹೋಗಲಿಲ್ಲವೇ ಎಂದರೆ, ನಾವು ಹುಡುಕಲು ಹೋಗುವುದಿಲ್ಲ ಎಂದ. ಅದನ್ನು ಅವನು ಹೇಳಿದ್ದು ಅಂಗಡಿ ಭಾನುವಾರ ತೆರೆಯುವುದಿಲ್ಲ ಎಂದು ಹೇಳುವ ದನಿಯಲ್ಲಿ.

ನನ್ನ ಬಾಯಿಯ ಕಟ್ಟೆ ಒಡೆಯಿತು. ತೆಳ್ಳಗಿದ್ದನಾ ಎಂದೆ, ಹೌದು ತೆಳ್ಳಗಿದ್ದ. ಎಡಗೈಯಲ್ಲಿ ಕೆಲಸ ಮಾಡುತ್ತಿದ್ದನಾ, ಹೌದು ಎಡಗೈ. ಕನ್ನಡ ಮಾತಾಡುತ್ತಿದ್ದನಾ, ಕನ್ನಡವೋ ತಮಿಳೋ ಏನೋ ಹೌದು. ಒಂದು ಗಳಿಗೆ ಬುದ್ಧಿ ಬಂದು, ಪರೀಕ್ಷೆ ಮಾಡೋಣವೆಂದು, ಗಡ್ಡವಿತ್ತಾ ಎಂದು ಕೇಳಿದೆ. ವಸಂತನಿಗೆ ಗಡ್ಡ ಬಿಡುವ ಅಭ್ಯಾಸವಿರಲಿಲ್ಲ. ಹೌದು, ಗಡ್ಡವಿತ್ತು ಎಂದರು ಮೂವರೂ. ಜೀಪಿನಲ್ಲಿ ವಾಪಸು ಬರುವಾಗ, ಕಾಡಿನಂಚಿನಲ್ಲಿ ತಿಂಗಳುಗಟ್ಟಲೆ ಇದ್ದವನಿಗೆ ಗಡ್ಡ ಬೆಳೆಯದೆ ಇರುತ್ತದೆಯೇ ಎಂದು ಹೊಳೆಯಿತು. ಕಾನೂನು ಯಾಕಿದೆಯೆಂದು ನನಗೆ ಅವತ್ತು ತಿಳಿಯಿತು. ನಾನೇ ಎಲ್ಲವನ್ನೂ ಅವರ ಬಾಯಿಗೆ ಹಾಕಿ ಅವರಿಂದ ವಾಪಸು ತೆಗೆದುಕೊಂಡಿದ್ದೆ. ಇನ್ನು ಅವರು ಏನು ಹೇಳಿದರೂ ಅದು ನನ್ನದೋ ಅವರದೋ ಗೊತ್ತಾಗುವಂತಿರಲಿಲ್ಲ. ಆ ಹೆಸರು ಕೇರಳದಲ್ಲಿ ಊರಿಗೊಬ್ಬರಿಗೆ ಇರುವಂಥದ್ದು ಎನ್ನುವುದೂ ನಿಜ.

ತಂಗಪ್ಪನ್ ಸಾರ್‌ಗೆ ಎಲ್ಲವನ್ನೂ ಹೇಳಿಕೊಂಡೆ, ತಮ್ಮನ ವಿಷಯವನ್ನೂ. ಅವರು ಬೈಯಲಿಲ್ಲ. ದಾಖಲೆಯ ಕೋಣೆಗೆ ಕರೆದುಕೊಂಡು ಹೋಗಿ ಅದೇ ಬೆಟ್ಟದ ಹಳೆಯ ಹಾಳೆಗಳನ್ನು ಹುಡುಕಿ ತೆಗೆದರು. ಊರವರು ನನ್ನ ಮುಖ ನೋಡಿ ಕಥೆ ಕಟ್ಟಿರಬಹುದು ಎಂಬುದು ಅವರ ಅನುಮಾನ. ಮೂರು ಹಾಳೆಗಳನ್ನು ಉದ್ದದ ಮೇಜಿನ ಮೇಲೆ ಸಾಲಾಗಿ ಹಾಸಿದೆವು. ತೀರ ಹಳೆಯದರಲ್ಲಿ ಆ ಶಿಖರ ಕುಂಞನ್‌ಮುಡಿ. ಅದರ ಮುಂದಿನದರಲ್ಲಿ ಗೋಪಾಲನ್‌ಮುಡಿ. ಮೂರನೆಯದರಲ್ಲಿ ಸರೋಜಿನಿಮುಡಿ. ಮೂರರಲ್ಲಿ ಮೂರು ಹೆಸರು ಕಂಡ ಯಾರೋ ಅಧಿಕಾರಿ, ಹಿಂದಿನವರು ಬೇಜವಾಬ್ದಾರಿಯಿಂದ ಬರೆದಿದ್ದಾರೆ ಎಂದು ಷರಾ ಹಾಕಿ ಕೊನೆಗೆ ಎಲ್ಲ ಅಳಿಸಿ ಎತ್ತರವನ್ನು ಮಾತ್ರ ಉಳಿಸಿದ್ದ. ಯಾರೂ ತಪ್ಪು ಬರೆದಿರಲಿಲ್ಲ. ಬಂದವರೆಲ್ಲ ತಮ್ಮ ಕಾಲಕ್ಕೆ ಸರಿಯಾದುದನ್ನೇ ಬರೆದಿದ್ದರು.

ಹಳೆಯ ಸರ್ವೇದಾರನೊಬ್ಬನ ಟಿಪ್ಪಣಿ ಪುಸ್ತಕವೂ ಸಿಕ್ಕಿತು. ಅದರಲ್ಲಿ ಹೆಸರಿನ ಎದುರಿಗೆ ಒಂದೊಂದು ಸಾಲಿನ ವಿವರವಿರುತ್ತದೆ. ತಂಗಪ್ಪನ್ ಸಾರ್ ಕನ್ನಡಕ ಹಣೆಗೇರಿಸಿ, ಪುಸ್ತಕವನ್ನು ಕಣ್ಣಿನ ಹತ್ತಿರ ಹಿಡಿದು ಓದಿದರು. ಗೋಪಾಲನ್, ಜೇನು ತೆಗೆಯುವವನು. ಸರೋಜಿನಿ, ಗೋಪಾಲನ್‌ನ ತಂಗಿ, ಅಣ್ಣನನ್ನು ಹುಡುಕಿಕೊಂಡು ಹೋದವಳು. ಓದಿ ಪುಸ್ತಕವನ್ನು ಮುಚ್ಚಿ, ತಾವೇ ಬೀರುವಿಗೆ ಸೇರಿಸಿ ಬೀಗ ಹಾಕಿದರು. "ಹಾಳೆ ಮಾರ್ಚಿನಲ್ಲಿ ಅಚ್ಚಿಗೆ ಹೋಗ್ಬೇಕು," ಅಂದರು. "ಮೂರು ಸಹಿ ಇದೆ. ಆ ಹೆಸರನ್ನೇ ಬಿಟ್ಟುಬಿಡಿ ಮೇಡಂ. ಇನ್ನೊಂದ್ಸಲ ಅಲ್ಲಿಗೆ ಹೋಗ್ಬೇಡಿ."

ಅವರು ಹೇಳಿದಷ್ಟು ಸುಲಭವಾಗಿರಲಿಲ್ಲ ಅದು. ಆ ಹೆಸರು ಅಚ್ಚಾದರೆ ನನ್ನ ತಮ್ಮ ಸತ್ತ ಎಂದು ನಾನೇ ಸರಕಾರದ ಮುದ್ರೆ ಒತ್ತಿದಂತೆ. ಅಳಿಸಿದರೆ ಎಂಟು ವರ್ಷದಲ್ಲಿ ಸಿಕ್ಕಿದ ಒಂದೇ ಒಂದು ಗುರುತನ್ನು ಕೈಯಾರೆ ಕಳೆದುಕೊಂಡಂತೆ. ಓಣಂ ಬಂತು, ಕಚೇರಿಯವರೆಲ್ಲ ಹೂವಿನ ರಂಗೋಲಿ ಪೂಕ್ಕಳಂ ಹಾಕಿ ಬಾಳೆಲೆಯಲ್ಲಿ ಉಂಡರು, ನಾನು ಉಂಡದ್ದು ಏನೆಂದು ನನಗೆ ನೆನಪಿಲ್ಲ. ಅಕ್ಟೋಬರಿನ ಗುಡುಗು ಮಳೆ ಬಂತು. ಮಧ್ಯಾಹ್ನ ಮೂರಕ್ಕೆಲ್ಲ ಪೂರ್ವದ ಆಕಾಶ ಕಪ್ಪಾಗುತ್ತಿತ್ತು, ನಾನು ಕಚೇರಿಯ ಕಿಟಕಿಯಲ್ಲಿ ನಿಂತು ಆ ಕಡೆಯೇ ನೋಡುತ್ತಿದ್ದೆ. ಅಲ್ಲಿಂದ ಬೆಟ್ಟ ಕಾಣುವುದಿಲ್ಲ. ಆದರೂ ನನ್ನ ಬೆನ್ನು ಯಾವಾಗಲೂ ಆ ದಿಕ್ಕಿಗೆ ಇರದಂತೆ ಕುರ್ಚಿ ತಿರುಗಿಸಿಕೊಂಡಿದ್ದೆ. ಎದುರಿನ ಮೇಜಿನವರು ಕೇಳಿದ್ದಕ್ಕೆ ಬೆಳಕು ಸಾಲದು ಎಂದು ಸುಳ್ಳು ಹೇಳಿದೆ.

ಕ್ರಿಸ್‌ಮಸ್ ರಜೆಗೆ ಆಲುವಕ್ಕೆ ಬಂದಾಗ, ಜನವರಿಯಲ್ಲಿ ಇನ್ನೊಮ್ಮೆ ಹೋಗುತ್ತೇನೆ, ಈ ಸಲ ಬರೀ ಹಾಳೆ ಒಯ್ದು ಸರಿಯಾದ ರೀತಿಯಲ್ಲಿ ಕೇಳುತ್ತೇನೆ ಎಂದು ಶ್ರೀಧರರಿಗೆ ಹೇಳಿದೆ. ಬೆಟ್ಟದ ಕಥೆಯನ್ನೆಲ್ಲ ಅವರಿಗೆ ಆಗಲೇ ಹೇಳಿದ್ದೆ, ಮೇಲೆ ಹತ್ತುವ ಯೋಚನೆಯನ್ನು ಮಾತ್ರ ಹೇಳಲಿಲ್ಲ. ಅವರು ಪೇಪರು ಮಡಿಸಿದರು. ಶ್ರೀಧರ ಯಾವ ದೇವರಿಗೂ ಕೈಮುಗಿಯದ ಮನುಷ್ಯ, ಜಾತಕ ಅಂದರೆ ನಗುವವರು.

"ಊರ್ತನಕ ಹೋಗು ಸುಧಾ. ಬೇಡ ಅನ್ನಲ್ಲ," ಅಂದರು. "ಬೆಟ್ಟ ಮಾತ್ರ ಹತ್ತಬೇಡ. ನಂಗೆ ಇದ್ರಲ್ಲೆಲ್ಲ ನಂಬಿಕೆ ಇಲ್ಲ, ನಿಂಗೊತ್ತು. ಆದ್ರೂ ಹತ್ತಬೇಡ."

ಅಪೂರ್ವಾ ಪುಸ್ತಕದಿಂದ ತಲೆಯೆತ್ತದೆ, "ಅಮ್ಮ ಞಾಯರಾಳ್ಚ ವರುಮೋ?" ಎಂದು ಕೇಳಿದಳು. ಭಾನುವಾರ ಬರುತ್ತೀಯಾ ಎಂದು. ನಾವು ಕನ್ನಡದಲ್ಲಿ ಆಡಿದ್ದೆಲ್ಲ ಅವಳಿಗೆ ಅರ್ಥವಾಗಿತ್ತು. ಬರುತ್ತೇನೆ ಎಂದೆ.

ಜನವರಿಯಲ್ಲಿ ಆ ಊರು ಬೇರೆಯೇ ಆಗಿತ್ತು. ಆಕಾಶ ತೊಳೆದಿಟ್ಟಂತಿತ್ತು. ಜೀಪು ಇಳಿಯುವಾಗಲೇ ಶಿಖರ ಕಂಡಿತು. ಬುಡದಲ್ಲಿ ಕಾಡು, ಮೇಲೆಲ್ಲ ಒಣಗಿದ ಹುಲ್ಲು, ತುದಿಯಲ್ಲಿ ಒಂದು ಬೋಳು ಬಂಡೆ. ನೋಡುವುದಕ್ಕೆ ಎಷ್ಟು ಸಾಧಾರಣ ಗುಡ್ಡವೆಂದರೆ, ಇದಕ್ಕಾಗಿಯೇ ಆರು ತಿಂಗಳು ನಿದ್ದೆಗೆಟ್ಟೆನಾ ಅನಿಸಿತು. ಆದರೆ ಅಷ್ಟು ಸ್ಪಷ್ಟವಾಗಿ ಕಾಣುವ ಬೆಟ್ಟದ ಕಡೆ ಊರಿನ ಒಬ್ಬರೂ ತಿರುಗಿ ನೋಡುತ್ತಿರಲಿಲ್ಲ. ಪೂರ್ವಕ್ಕೆ ನಡೆಯಬೇಕಾದವರು ಕೂಡ ಕಣ್ಣು ನೆಲಕ್ಕಿಟ್ಟು ನಡೆಯುತ್ತಿದ್ದರು. ಸ್ವಲ್ಪ ಹೊತ್ತಿನಲ್ಲಿ ನಾನೂ ಹಾಗೇ ನಡೆಯುತ್ತಿದ್ದೇನೆಂದು ಗೊತ್ತಾಯಿತು.

ಚಹದಂಗಡಿಯ ಕಡೆ ಹೋಗಲಿಲ್ಲ. ಊರಿನ ಆ ತುದಿಯಲ್ಲಿ, ಜುಲೈಯಲ್ಲಿ ನನ್ನನ್ನು ನೋಡಿರದ, ಮನೆ ಬಿಟ್ಟು ಹೊರಬಾರದ ಯಾರಾದರೂ ಹಿರಿಯರು ಬೇಕಿತ್ತು. ಭಾರ್ಗವಿ ಅಮ್ಮ ಎಂಬವರ ಮನೆ ತೋರಿಸಿದರು. ಎಂಬತ್ತು ದಾಟಿದ ಹೆಂಗಸು, ಸೊಂಟ ಬಿದ್ದುಹೋಗಿ ಮಂಚದಲ್ಲೇ ಇದ್ದರು. ಸೊಸೆ ನನಗೆ ಸ್ಟೂಲು ಕೊಟ್ಟು ಬಟ್ಟೆ ಒಗೆಯಲು ಹೋದಳು. ಹೆಸರಿಲ್ಲದ ಹಾಳೆಯನ್ನು ಬಿಡಿಸಿದೆ, ಆಕೆಗೆ ಕಣ್ಣು ಕಾಣುತ್ತಿರಲಿಲ್ಲವಾದ್ದರಿಂದ ಮಡಿಸಿದೆ. ನನ್ನ ಮುರುಕು ಮಲಯಾಳದಲ್ಲಿ, ಪೂರ್ವಕ್ಕಿರುವ ಆ ಬೆಟ್ಟಕ್ಕೆ ನಿಮ್ಮ ಮನೆಯಲ್ಲಿ ಏನಂತ ಕರೆಯುತ್ತೀರಿ ಎಂದು ಕೇಳಿದೆ. ಕೇಳಿ ಬಾಯಿ ಮುಚ್ಚಿಕೊಂಡೆ. ಎರಡು ಕೈಯಲ್ಲೂ ಸ್ಟೂಲನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಹೊರಗೆ ಬಟ್ಟೆ ಕಲ್ಲಿಗೆ ಬಡಿಯುವ ಸದ್ದು ಬರುತ್ತಿತ್ತು.

"ನಾವು ಕರೆಯಲ್ಲ ಮೋಳೆ," ಎಂದರು ಆಕೆ ತುಂಬ ಹೊತ್ತಿನ ಮೇಲೆ, ನನಗೆ ಮಗಳೇ ಅನ್ನುತ್ತ. "ಅದು ಕರೆಯುತ್ತೆ. ಮಳೆಗಾಲದಲ್ಲಿ."

ನಾನು ಸುಮ್ಮನಿದ್ದೆ. ಸುಮ್ಮನಿರುವುದು ಅಷ್ಟು ಕಷ್ಟವೆಂದು ಅದುವರೆಗೆ ಗೊತ್ತಿರಲಿಲ್ಲ.

ಆಕೆ ತಾವಾಗಿ ಹೇಳಿದರು. ಗೋಪಾಲನ್ ಆಕೆಯ ಗಂಡ. ಮದುವೆಯಾಗಿ ಮೂರನೆಯ ವರ್ಷ ಜೇನಿಗೆಂದು ಮೇಲೆ ಹೋದವನು ಬರಲಿಲ್ಲ. ಮುಂದಿನ ಮಳೆಗಾಲದಲ್ಲಿ ಬೆಟ್ಟದಿಂದ ಅವನ ದನಿ ಬರತೊಡಗಿತು, ಊರಿಗೆಲ್ಲ ಕೇಳುವಂತೆ. ಮಂಜು ಇಳಿದ ಹೊತ್ತಿನಲ್ಲಿ, ಮಧ್ಯಾಹ್ನ, ಸಂಜೆ. ಕರೆಯುತ್ತಿದ್ದದ್ದು ಹೆಂಡತಿಯನ್ನಲ್ಲ, ತಂಗಿಯನ್ನು. "ಸರೋಜಿನೀ, ಸರೋಜಿನೀ ಅಂತ. ಎರಡು ಮಳೆಗಾಲ ತಡೆದುಕೊಂಡಳು. ಮೂರನೇದರಲ್ಲಿ ಎದ್ದು ಹೋದಳು. ನನ್ನನ್ನ ಒಂದು ದಿನವೂ ಕರೀಲಿಲ್ಲ ಅವನು," ಎಂದರು. ಆ ಬೇಸರ ಇನ್ನೂ ಹಾಗೇ ಇತ್ತು ಆ ಕುರುಡು ಮುಖದ ಮೇಲೆ. "ಅದಕ್ಕೇ ನಾನು ಬದುಕಿದೀನಿ."

ಆಮೇಲೆ ತುಂಬ ವರ್ಷ ಬೆಟ್ಟ ಸುಮ್ಮನಿತ್ತಂತೆ. ಕರೆಸಿಕೊಂಡವರು ಸಿಕ್ಕಿದ ಮೇಲೆ ಯಾರು ಯಾಕೆ ಕರೆಯಬೇಕು ಎಂದು ನನ್ನನ್ನೇ ಕೇಳಿದರು. ಆಕೆ ಮಾತು ಮುಗಿಸಿದರೆಂದುಕೊಂಡು ನಾನು ಎದ್ದೆ. ಏಳುವ ಸದ್ದು ಕೇಳಿ ಆಕೆ ನನ್ನ ಕಡೆ ಮುಖ ತಿರುಗಿಸಿದರು.

"ಈಗ ಐದಾರು ಮಳೆಗಾಲದಿಂದ ಮತ್ತೆ ಶುರುವಾಗಿದೆ. ಈಗಿನವನು ಅಕ್ಕಾ ಅಂತ ಕರೀತಾನೆ. ನಮ್ಮೂರಲ್ಲಿ ಯಾರನ್ನೂ ಅಕ್ಕ ಅನ್ನಲ್ಲ ಮೋಳೆ, ನಾವು ಚೇಚಿ ಅನ್ನೋದು. ನಮ್ಮವರನ್ನ ಕರೆಯೋದಲ್ಲ ಅಂತ ನಾವೆಲ್ಲ ನೆಮ್ಮದಿಯಾಗಿ ಇದೀವಿ."

ನಾನು ಹೇಗೆ ಹೊರಗೆ ಬಂದೆನೋ ಗೊತ್ತಿಲ್ಲ. ಸೊಸೆ ಬಟ್ಟೆ ಹಿಂಡುತ್ತ ಚಹ ಕುಡಿದು ಹೋಗಿ ಎಂದಳು. ಜುಲೈಯಲ್ಲಿ ಚಹದಂಗಡಿಯಲ್ಲಿ ಕೂತಿದ್ದಾಗ ಅವನು ನನ್ನ ತಮ್ಮ ಎಂದು ನಾನು ಬಾಯಿಬಿಟ್ಟು ಹೇಳಿದ್ದೆನಾ? ಹೇಳಿದ್ದರೆ ಕೃಷ್ಣನ್‌ಕುಟ್ಟಿಯಿಂದ ಅದು ಊರೆಲ್ಲ ಹರಡಿ, ಈ ಮಂಚದ ತನಕ ಬಂದಿರಬಹುದು. ಹೇಳಿರಲಿಲ್ಲ, ಅಧಿಕಾರಿಯಂತೆಯೇ ಕೇಳಿದ್ದೆ ಎಂದು ನನಗೆ ಅವತ್ತೂ ಖಾತ್ರಿಯಿತ್ತು, ಇವತ್ತೂ ಖಾತ್ರಿಯಿದೆ. ಕೆಲವು ದಿನ ಮಾತ್ರ ಇರುವುದಿಲ್ಲ.

ಬ್ಯಾಗಿನಲ್ಲಿ ನೀರು, ಬಿಸ್ಕತ್ತು, ಟಾರ್ಚು, ವಸಂತನ ಹಳೆಯದೊಂದು ಫೋಟೊ ಎಲ್ಲ ಇತ್ತು. ಕಾಲಿಗೆ ಬೆಟ್ಟ ಹತ್ತುವ ಶೂ ಹಾಕಿಕೊಂಡೇ ಬಂದಿದ್ದೆ. ಮನೆಗಳ ಹಿಂದೆ ಒಂದು ತೊರೆ, ಅದನ್ನು ದಾಟಿದರೆ ದಾರಿ. ಯಾರೂ ನಡೆಯದ ದಾರಿ ಅಷ್ಟು ಸವೆದು ಚೊಕ್ಕಟವಾಗಿ ಇರುವುದು ಹೇಗೆ ಎಂದು ಅಲ್ಲಿ ನಿಂತಾಗ ಅನಿಸಿತು. ಬೆಳಗಿನ ಹತ್ತೂವರೆ. ಒಂದು ಎಲೆಯೂ ಅಲುಗುತ್ತಿರಲಿಲ್ಲ. ತೊರೆಯ ನಡುವಿನ ಕಲ್ಲಿನ ಮೇಲೆ ಒಂದು ಕಾಲಿಟ್ಟು, ಮೇಲಿನ ಬೋಳು ಬಂಡೆಯನ್ನು ನೋಡುತ್ತ, ಅವನ ಹೆಸರು ಹಿಡಿದು ಕೂಗೋಣವೆಂದು ಬಾಯಿ ತೆರೆದೆ. ಕೂಗಲಿಲ್ಲ. ಓಗೊಟ್ಟರೆ ಏನು ಮಾಡಲಿ ಎಂದು ಹೆದರಿದೆ. ಓಗೊಟ್ಟರೆ ನಾನು ನಿಲ್ಲುವವಳಲ್ಲ, ಅದು ನನಗೆ ಚೆನ್ನಾಗಿ ಗೊತ್ತಿತ್ತು. ಅಪೂರ್ವಾಳ ಮುಖ ಕಣ್ಣ ಮುಂದೆ ಬಂತು. ಕಾಲನ್ನು ಹಿಂದಕ್ಕೆ ತೆಗೆದುಕೊಂಡೆ. ಭಾನುವಾರ ಮನೆಯಲ್ಲಿದ್ದೆ, ಮಗಳಿಗೆ ಜಡೆ ಹಾಕಿದೆ, ಎರಡು ಸಲ ಬಿಚ್ಚಿ ಹಾಕಬೇಕಾಯಿತು.

ಮಾರ್ಚಿನಲ್ಲಿ ಹಾಳೆ ಅಚ್ಚಿಗೆ ಹೋಗುವ ಹಿಂದಿನ ದಿನ ನಾನೇ ಆ ಹೆಸರನ್ನು ಅಳಿಸಿದೆ. ಕಾನೂನು ಮೀರಿ ಸಂಗ್ರಹಿಸಿದ್ದು, ನಂಬುವಂತಿಲ್ಲ ಎಂದು ಷರಾ ಬರೆದೆ. ಬರೆದದ್ದು ಸುಳ್ಳೇನೂ ಅಲ್ಲ. ತಂಗಪ್ಪನ್ ಸಾರ್ ಓದಿ, ನನ್ನ ಮುಖವನ್ನೊಮ್ಮೆ ನೋಡಿ, ಕೆಳಗೆ ಸಹಿ ಹಾಕಿದರು. ಹೊಸ ನಕ್ಷೆಯಲ್ಲೂ ಆ ಶಿಖರಕ್ಕೆ ಎತ್ತರವೊಂದೇ ಇದೆ. ಸಾಯದವನ ಹೆಸರನ್ನು ನಾನು ಸತ್ತವರ ಪಟ್ಟಿಗೆ ಸೇರಿಸಲಿಲ್ಲ ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ.

ಮೇ ಮೂರನೆಯ ವಾರದಲ್ಲಿ ಪೂರ್ವದ ಕಡೆ ಮೊದಲ ಮೋಡ ಕಾಣಿಸಿತು. ಅವತ್ತೇ ಮನೆಯ ತೊಂದರೆ ಎಂದು ಕಾರಣ ಕೊಟ್ಟು ಕೊಚ್ಚಿಯ ಕಚೇರಿಗೆ ವರ್ಗ ಕೇಳಿದೆ. ಅಷ್ಟು ಬೇಗ ಅರ್ಜಿ ಕೊಟ್ಟವರನ್ನು ತಾವು ನೋಡಿಲ್ಲ ಎಂದು ಮೇಲಿನವರು ಹೇಳಿದರು. ಮಳೆಗೆ ನಾಲ್ಕು ದಿನ ಮೊದಲು, ಆದೇಶಕ್ಕೂ ಕಾಯದೆ ರಜೆ ಹಾಕಿ, ಒಂದು ಸೂಟ್‌ಕೇಸು ಹಿಡಿದು, ಕಿಟಕಿಯಿಂದ ದೂರದ ಸೀಟು ಆರಿಸಿಕೊಂಡು ನಾನು ಊರು ಬಿಟ್ಟೆ. ಎಂಟು ವರ್ಷ ಹುಡುಕಿದವಳು, ಅವನ ದನಿ ಎಲ್ಲಿ ಕೇಳಿಸಬಹುದು ಎಂದು ಗೊ‌ತ್ತಾದ ಮೇಲೆ ಆ ಜಾಗದಿಂದ ಓಡಿ ಬಂದೆ. ಇದನ್ನು ಶ್ರೀಧರರಿಗೂ ನಾನು ಹೀಗೆ ಹೇಳಿಲ್ಲ.

ಆಮೇಲೆ ನಾಲ್ಕು ಮಳೆಗಾಲ ಕಳೆದಿವೆ. ಇಲ್ಲಿ ಮಳೆ ಜೋರಾದಾಗ ನಾನು ಟಿವಿಯ ದನಿ ಏರಿಸುತ್ತೇನೆ, ಅಪೂರ್ವಾ ಬೈಯುತ್ತಾಳೆ. ಅಲ್ಲಿರುವವನು ನನ್ನ ತಮ್ಮ ಅಲ್ಲ ಎಂದೇ ಇಟ್ಟುಕೊಂಡರೂ, ಯಾವಳೋ ಒಬ್ಬಳು ಅಕ್ಕ ಎಲ್ಲಿಯೋ ಕಾಯುತ್ತಿದ್ದಾಳೆ, ಅವಳಿಗೆ ಹೇಳುವವರಿಲ್ಲ. ಅವನೇ ಆಗಿದ್ದರೆ, ಆ ಊರಿನವರು ಪಶ್ಚಿಮದ ಬಾಗಿಲುಗಳನ್ನು ಮುಚ್ಚಿಕೊಂಡು, ತಮ್ಮನ್ನಲ್ಲ ಎಂದು ನೆಮ್ಮದಿಯಾಗಿ ಕೂತಿರುವಾಗ, ಅವನು ಈ ಹೊತ್ತಿನಲ್ಲೂ ಕರೆಯುತ್ತಿರುತ್ತಾನೆ. ಯಾರನ್ನು ಕರೆಯುತ್ತಿದ್ದಾನೆಂದು ಈ ಪ್ರಪಂಚದಲ್ಲಿ ಗೊತ್ತಿರುವವಳು ನಾನೊಬ್ಬಳೇ, ಮತ್ತು ನಾನು ಹೋಗುವುದಿಲ್ಲ.